ಇಸಾಮು ದೀಪ ಹಚ್ಚಿದ್ದೇಕೆ

ಅವತ್ತು ಲತಾಮಣಿ ಪಕ್ಕದ ಸೀಟಿಗೆ ಕರ್ಚೀಫು ಹಾಕಲಿಲ್ಲ. ಬ್ಯಾಗಿನಿಂದ ಅಣ್ಣ ಲೋಕೇಶನ ನೀಲಿ ಟೋಪಿ ತೆಗೆದು ಅಲ್ಲಿಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಕಾರ್ಖಾನೆಯ ಬಸ್ಸಿನಲ್ಲಿ ಒಂದು ಕಟ್ಟುಪಾಡಿತ್ತು. ಸೀಟಿನ ಮೇಲೆ ಕರ್ಚೀಫೋ ಊಟದ ಡಬ್ಬಿಯೋ ಏನೇ ಬಿದ್ದಿರಲಿ, ಅದು ಇನ್ನೊಬ್ಬರ ಜಾಗ. ಇಟ್ಟವರೇ ಎತ್ತುವ ತನಕ ಸೂಪರ್‌ವೈಸರ್ ಬಂದರೂ ನಿಂತಿರಬೇಕು.

ಹಿಂದಿನ ಸೀಟಿನ ಸ್ವಾಮಿ ದಿನಾ ರೇಗಿಸುತ್ತಿದ್ದ, "ಒಂದ್ ಕರ್ಚೀಫು ನಮ್ಗೂ ಹಾಕವ್ವೋ, ನಾವೇನ್ ಪಾಪ ಮಾಡಿದ್ದೀವಿ?" ಎಂದು. ಅವತ್ತು ಟೋಪಿ ಕಂಡವನೇ ತನ್ನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಾಯಂ ಆದವರಿಗೆ ನೀಲಿ ಟೋಪಿ, ಟ್ರೈನಿಗಳಿಗೆ ಹಳದಿ. ಎಂಟು ವರ್ಷ ನೀಲಿ ಟೋಪಿ ಹಾಕಿದ್ದ ಲೋಕೇಶನನ್ನು ಸೋಮವಾರ ಗೇಟಿನಲ್ಲೇ ತಡೆದು, ಇನ್ನು ಬರಬೇಡ ಎಂದು ವಾಪಸು ಕಳಿಸಿದ್ದು ಇಡೀ ಬಸ್ಸಿಗೆ ಗೊತ್ತಿತ್ತು.

ಕರ್ಚೀಫು ಬೀಳುತ್ತಿದ್ದುದು ಟ್ರೈನಿ ಅಶೋಕನಿಗೆ. ನಾಲ್ಕು ಜನರ ಮುಂದೆ ತುಟಿ ಬಿಚ್ಚದ ಲತಾಮಣಿ ಅವನ ಹತ್ತಿರ ಮಾತ್ರ ಅರಳು ಹುರಿದಂತೆ ಮಾತಾಡುತ್ತಿದ್ದಳು, ಅದೂ ಒಂದೇ ವಿಷಯ. ಹತ್ತು ವರ್ಷದಿಂದ ಮುಗಿಯದೆ ಬರುತ್ತಿದ್ದ, ಕಡಲ್ಗಳ್ಳರ ಜಪಾನಿ ಚಿತ್ರಕಥೆ. ಐಜೂರಿನ ಗೌಸ್‌ನ ಸೈಬರ್ ಸೆಂಟರಿನಲ್ಲಿ ಒಂದೇ ಕಂಪ್ಯೂಟರಿನ ಮುಂದೆ ಎರಡು ಸ್ಟೂಲು ಎಳೆದುಕೊಂಡು ಇಬ್ಬರೂ ವಾರವಾರ ಅದನ್ನು ಓದುತ್ತಿದ್ದರು. ಆ ಕಥೆಯಲ್ಲಿ ಕಳ್ಳರ ಹಡಗಿನ ಹಾಯಿ ಹೊಲಿಯುವ ಇಸಾಮು ಎಂಬವನೊಬ್ಬ. ಅವನು ಊರಿನಲ್ಲಿದ್ದಾಗ ಹಡಗಿನವರೆಲ್ಲ ಒಂದು ಗುಹೆಯಲ್ಲಿ ಅಡಗಿದರು. ಹಡಗಿನವರಿಗೆ ಅಡುಗೆ ಮಾಡುತ್ತಿದ್ದ ಹುಡುಗಿ ಸಂತೆಗೆ ಬಂದಾಗ ಅವಳಿಂದ ಜಾಗ ತಿಳಿದುಕೊಂಡ ಇಸಾಮು, ರಾತ್ರಿ ಗುಹೆಯ ನೆತ್ತಿಯ ಮೇಲೆ ದೀಪ ಹಚ್ಚಿ ನೌಕಾಪಡೆಗೆ ದಾರಿ ತೋರಿಸಿಬಿಟ್ಟ. ಯಾಕೆ? ಬರೆದವನು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಓದುಗರು ಇಂಟರ್ನೆಟ್ಟಿನಲ್ಲಿ ಜುಟ್ಟು ಹಿಡಿದು ಕಿತ್ತಾಡುತ್ತಿದ್ದರು. ಲತಾಮಣಿಯೂ ಡೈರಿಯಲ್ಲಿ ಬರೆದು, ತಿದ್ದಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹಾಕಿದ್ದಳು. ಇಸಾಮು ಕೆಟ್ಟವನಲ್ಲ, ಆಯಸ್ಸೆಲ್ಲ ಇನ್ನೊಬ್ಬರ ಹಾಯಿಗೆ ತೇಪೆ ಹಾಕಿದವನಿಗೆ ತನ್ನದೂ ಒಂದು ದೋಣಿ ಬೇಕೆನಿಸಿತು, ಅಷ್ಟೇ.

"ಹಂಗಾದ್ರೆ ಅವನ್ದು ತಪ್ಪಿಲ್ಲ ಅಂತೀಯ?" ಕಳೆದ ವಾರ ಅಶೋಕ ಕೇಳಿದ್ದ.

"ತಪ್ಪೈತೆ. ಆದ್ರೆ ಯಾಕ್ ಮಾಡ್ದ ಅಂತ ಗೊತ್ತಾದ್ಮೇಲೆ ಬಯ್ಯಾಕೆ ಮನ್ಸು ಬರಲ್ಲ."

"ಅವನ್ನ ಅರ್ಥ ಮಾಡ್ಕಂಡಿರೋಳು ನೀನೊಬ್ಳೇ ಕಣ್ ಲತಾ. ಭಾನುವಾರ ಇನ್ನೊಂದ್ಸಲ ಓದನ, ಬತ್ತೀಯಾ?"

"ಭಾನುವಾರ ಆಗಲ್ಲ. ಕೆಂಪಾಪುರದಲ್ಲಿ ಅಣ್ಣನ್ ಕಡೆಯೋರ್ಗೆಲ್ಲ ಬಾಡೂಟ, ನಾನೇ ಅಡಿಗೆ ಮಾಡ್ಬೇಕು" ಎಂದಿದ್ದಳು. ಮನೆಗೆ ಬಂದು ಡೈರಿಯಲ್ಲಿ ಅವನ 'ನೀನೊಬ್ಳೇ' ಎಂಬ ಮಾತನ್ನಷ್ಟೇ ಬರೆದುಕೊಂಡಿದ್ದಳು.

ಹೆಸರಿಗೆ ಬಾಡೂಟ. ನಿಜಕ್ಕೂ ಅದು ಯೂನಿಯನ್ ಕಟ್ಟಲು ಲೋಕೇಶ ಸೋದರತ್ತೆ ಮಾಯಮ್ಮನ ಮನೆಯಲ್ಲಿ ಸೇರಿಸಿದ್ದ ಸಭೆ. ಎಲ್ಲರೂ ಉಂಡು ಕೈ ತೊಳೆಯುವ ಹೊತ್ತಿಗೆ ಕಾರ್ಖಾನೆಯ ಜೀಪು ಅಂಗಳದ ಮುಂದೆ ನಿಂತಿತು, ಎಲ್ಲರ ಫೋಟೋ ತೆಗೆದುಕೊಂಡು ಹೊರಟೂ ಹೋಯಿತು. ಒಳಗೆ ಒಲೆಯ ಮುಂದೆ ತನಗೆಂದು ಕೊನೆಯ ಮುದ್ದೆ ಕಟ್ಟುತ್ತಿದ್ದ ಲತಾಮಣಿಯೊಬ್ಬಳೇ ಫೋಟೋಕ್ಕೆ ಬೀಳಲಿಲ್ಲ. "ನೀನಾದ್ರೂ ಹೋಗವ್ವ, ಒಲೆ ಉರೀಬೇಕಲ್ಲ" ಎಂದು ಈ ಬೆಳಿಗ್ಗೆ ಲೋಕೇಶನೇ ಬಸ್ಸಿನ ತನಕ ಬಂದು ಹತ್ತಿಸಿ ಹೋಗಿದ್ದ.

ಮಾಯಗಾನಹಳ್ಳಿಯಲ್ಲಿ ಅಶೋಕ ಹತ್ತಿದ. ತಲೆಯ ಮೇಲೆ ನೀಲಿ ಟೋಪಿ. ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ಸೀಟಿನ ಹತ್ತಿರ ಬಂದವನು ಅಲ್ಲಿದ್ದುದನ್ನು ನೋಡಿ ಮೇಲಿನ ಕಂಬಿ ಹಿಡಿದುಕೊಂಡ.

"ಯಾರ್ಗೆ ಸೀಟು?"

"ಬರಬೇಕಾದೋರ್ಗೆ." ಆ ಬಸ್ಸಿನಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. "ಟೋಪಿ ಚೆನ್ನಾಗ್ ಒಪ್ತದೆ ನಿಮ್ಗೆ."

"ಲತಾ, ಒಸಿ ಕೇಳು. ಟ್ರೈನಿ ಅಂತ ಮೂರ್ ವರ್ಷ ಕೊಳೆ ಹಾಕಿದ್ರು. ಈ ತಿಂಗ್ಳು ಮನೆಗ್ ಕಳಿಸ್ತೀವಿ ಅಂದ್ರು. ನಮ್ಮವ್ವನ್ನ ಯಾರ್ ನೋಡ್ಕತಾರೆ? ನೀನೇ ಅಂದಿದ್ದಲ್ಲ, ಯಾಕೆ ಅಂತ ಗೊತ್ತಾದ್ಮೇಲೆ..."

"ಅದು ಕಥೆ."

"ನಂಗೂ ಒಂದ್ ಕಥೆ ಐತೆ ಕಣ್ ಲತಾ."

"ಮಾಡೋಕ್ ಮುಂಚೇನೇ ನನ್ ಬಾಯಲ್ಲಿ ಮಾಫಿ ಹೇಳಿಸ್ಕಂಡ್ರಿ ನೀವು. ನಾನು ಇಸಾಮು ವಿಷ್ಯ ಮಾತಾಡ್ತಿದ್ದೀವಿ ಅನ್ಕಂಡಿದ್ದೆ."

"ಲೇ ಅಶೋಕ, ಜೀಪ್ನೋರ್ಗೆ ಹೇಳಿದ್ದು ನೀನೇನ್ಲಾ?" ಸ್ವಾಮಿ ಹಿಂದಿನಿಂದ ಅರ್ಧ ಎದ್ದ. ಅಷ್ಟರಲ್ಲಿ ಡ್ರೈವರ್ ಬ್ರೇಕ್ ಒತ್ತಿದ. ಸ್ವಾಮಿ ಕುಕ್ಕರಿಸಿದ, ಲೋಕೇಶನ ಟೋಪಿ ಜಾರಿ ಎಲ್ಲರ ಕಾಲಡಿಗೆ ಬಿತ್ತು.

ಅಶೋಕ ಬಗ್ಗಿದ. ಟೋಪಿ ಎತ್ತಿ, ಧೂಳು ಕೊಡವಿ, ಎಲ್ಲಿತ್ತೋ ಅಲ್ಲೇ ಇಟ್ಟ. ಕೂರಲಿಲ್ಲ. ನೆಟ್ಟಗಾಗುವ ಮುಂಚೆ, ಅವಳೊಬ್ಬಳಿಗೇ ಕೇಳುವಷ್ಟು ಮೆತ್ತಗೆ ಅಂದ:

"ಇಸಾಮು ಯಾಕ್ ದೀಪ ಹಚ್ಚಿದ ಅಂತ ಅಷ್ಟೊಂದ್ ಬರ್ದೆ. ಗುಹೆ ಎಲ್ಲೈತೆ ಅಂತ ಅವನ್ಗೆ ಹೇಳಿದ್ಲಲ್ಲ ಆ ಅಡಿಗೆ ಹುಡ್ಗಿ, ಅವಳ್ ವಿಷ್ಯ ಒಂದ್ ಸಾಲೂ ಬರೀಲಿಲ್ವಲ್ಲ ಲತಾ."