ನಾಲ್ಕು ಕಿಲೋ ಪರೋಪಕಾರ

ಇವತ್ತೂ ಸರಿಯಾಗಿ ನಾಲ್ಕು ಕಿಲೋ.

ಗೇಟಿನ ಪಕ್ಕದ ಕಲ್ಲುಬೆಂಚಿನಿಂದ ನೀಲಿ ಚೀಲವನ್ನು ಎತ್ತಿದ ತಕ್ಕಡಿ ತಾತ ಕೈಯಲ್ಲೇ ಇನ್ನೊಮ್ಮೆ ತೂಗಿ ನೋಡಿದ. ಮೂವತ್ತೆಂಟು ವರ್ಷ ಪಾರ್ಸೆಲ್ ಆಫೀಸಿನಲ್ಲಿ ತೂಕ ನೋಡಿದ ಕೈ ಅದು. ಯಂತ್ರ ಕೈಕೊಟ್ಟ ದಿನವೂ ಆ ಕೈ ಕೈಕೊಟ್ಟಿರಲಿಲ್ಲ. ಕಟ್ಟಡದವರು ಆ ಹೆಸರಿಟ್ಟದ್ದೂ ಅದಕ್ಕೇ. ದಿನಸಿ, ತರಕಾರಿ ಅಂದರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಇರಬೇಕು. ದಿನಾ ಒಂದೇ ತೂಕ ತೂಗುವ ಸಾಮಾನು ಸಾಚಾ ಸಾಮಾನಲ್ಲ.

ಮೂರು ತಿಂಗಳ ಹಿಂದೆ ಲಿಫ್ಟಿಲ್ಲದ ಆ ಕಟ್ಟಡದ ನಾಲ್ಕನೇ ಮಹಡಿಗೆ ಒಬ್ಬ ಹಿರಿಯ ಹೆಂಗಸು ಬಂದಿದ್ದರು. ಬಿಳಿ ಕೂದಲು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು. ಎಲ್ಲರ ಬಾಯಲ್ಲೂ ಅವರು ಮೇಲ್ಮನೆ ಅಮ್ಮ. ಬಂದ ವಾರವೇ ಮೊದಲ ಮಹಡಿಯ ತಾತನ ಬಾಗಿಲು ತಟ್ಟಿ ಒಂದು ಉಪಕಾರ ಕೇಳಿದರು. ದಿನಾ ಎಂಟು ಗಂಟೆಗೆ ಬೆಂಚಿನ ಮೇಲೆ ಒಂದು ಚೀಲ ಇರುತ್ತದೆ, ತಂದುಕೊಡಲಾದೀತೇ?

ತಾತ ಆಗ ಕುರ್ಚಿಗೆ ಅಂಟಿಕೊಂಡು ಎರಡು ವರ್ಷವಾಗಿತ್ತು. ಕೆಲಸವಿಲ್ಲದೆ ಬೀದಿ ಅಳೆಯುವುದು ಅವನ ಜಾಯಮಾನಕ್ಕೆ ಒಗ್ಗದ ಮಾತು; ಆ ವಿಷಯದಲ್ಲಿ ಡಾಕ್ಟರ ಮಾತಿಗೂ ಬಗ್ಗಿರಲಿಲ್ಲ. ಆದರೆ ಇದು ಕೆಲಸ. ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಅವನು ಒಬ್ಬರಿಗೆ ಬೇಕಾಗಿದ್ದ. ಆ ಸಂತೋಷದಲ್ಲಿ ಮೊದಲ ದಿನ ಮಹಡಿಗೊಮ್ಮೆ ಕೂತು ಏದುಸಿರು ಬಿಟ್ಟಿದ್ದೂ ಅವನಿಗೆ ಲೆಕ್ಕಕ್ಕೆ ಬರಲಿಲ್ಲ.

ಅನುಮಾನ ಹೊಕ್ಕಿದ್ದು ಆಮೇಲೆ. ಮೊದಲ ತಿಂಗಳು ಚೀಲ ಮೂರು ಕಿಲೋ. ಎರಡನೆಯ ತಿಂಗಳು ಮೂರೂವರೆ. ಈಗ ನಾಲ್ಕು. ವ್ಯಾಪಾರ ಕುದುರುತ್ತಿದೆ ಎಂದು ತಾತ ಒಳಗೊಳಗೇ ಬೆವರಿದ. ತಲುಪಿಸಿದ ಕೂಡಲೇ ಮೇಲ್ಮನೆ ಅಮ್ಮ ಗಡಿಯಾರ ನೋಡುತ್ತಿದ್ದರು, ಮುಂದಿನ ಕೈಗೆ ದಾಟಿಸುವ ಹೊತ್ತು ನೋಡುವವರಂತೆ. ಅದರ ಮೇಲೆ "ನಾಳೆ ಎಡಗೈಲಿ ಹಿಡ್ಕೊಂಡು ಬನ್ನಿ" ಎಂಬ ಅಪ್ಪಣೆ ಬೇರೆ. ಇದು ಕಳ್ಳಮಾಲಿನ ಗುಂಪಿನವರ ಗುರುತಿನ ಸನ್ನೆಯಲ್ಲದೆ ಇನ್ನೇನು? ಆ ಹೆಂಗಸು ಬಂದ ವಾರವೇ ಹಗ್ಗದ ಮೇಲೆ ಒಣಗಿಸಿದ್ದ ತನ್ನ ಪಟ್ಟೆಪಟ್ಟೆ ಪೈಜಾಮ ಮಾಯವಾದದ್ದನ್ನೂ ತಾತ ಇದೇ ಖಾತೆಗೆ ಹಾಕಿದ.

ಹಿಂದಿನ ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟಿದ್ದ.

"ಇದ್ರಲ್ಲಿ ಏನಿದೆ ಅಮ್ಮಾ?"

"ಔಷಧಿ ಅಂದ್ಕೊಳ್ಳಿ."

"ಯಾರಿಗೆ?"

"ಒಬ್ರು ಹಠಮಾರಿ ಇದಾರೆ. ಗೊತ್ತಾಗೋ ಹಾಗೆ ಕೊಟ್ರೆ ತಗೊಳ್ಳೋರಲ್ಲ."

ತಾತ ಸರಸರನೆ ಮೆಟ್ಟಿಲಿಳಿದು ಬಂದ. ಗೊತ್ತಾಗದ ಹಾಗೆ ಕೊಡುವ ಔಷಧಿ! ನಾಳೆ ಪೊಲೀಸರು ಬಂದರೆ ಹೊತ್ತವನು ತಾನೇ. ಮೂವತ್ತೆಂಟು ವರ್ಷ ಕಾಪಾಡಿದ ಮರ್ಯಾದೆ ನಾಲ್ಕು ಮೆಟ್ಟಿಲ ಸಾಲಿನಲ್ಲಿ ಮಣ್ಣುಪಾಲು. ಮಗಳಿಗೆ ಹೇಳೋಣವೆಂದರೆ ಅವಳಿಗೆ ಪುರಸೊತ್ತಿಲ್ಲ. ಈಚೆಗೆ ಆಫೀಸಿಗೆ ಹತ್ತು ನಿಮಿಷ ಮುಂಚೆಯೇ ಹೊರಡುತ್ತಾಳೆ, ಸಂಜೆ ಬಂದರೆ ಭುಜ ನೋವು ಎಂದು ನರಳುತ್ತಾಳೆ. ಕೂತು ಮಾಡುವ ಕೆಲಸಕ್ಕೆ ಎಂಥ ಭುಜ ನೋವು? ಈಗಿನವರಿಗೆ ಶಕ್ತಿಯೇ ಇಲ್ಲ ಎಂದುಕೊಂಡು ಅವನು ಸುಮ್ಮನಾಗಿದ್ದ.

ಈಗ ಚೀಲದೊಡನೆ ಮೆಟ್ಟಿಲು ಹತ್ತಿದ ತಾತ ಮೂರನೇ ಮಹಡಿಯ ತಿರುವಿನಲ್ಲಿ ನಿಂತ. ಪಾರ್ಸೆಲ್ ಆಫೀಸಿನವನು ಇನ್ನೊಬ್ಬರ ಗಂಟು ಬಿಚ್ಚುವುದಿಲ್ಲ. ಹೊಸಬರಿಗೆಲ್ಲ ಅವನು ಕಲಿಸಿದ ಮೊದಲ ಪಾಠವೇ ಅದು. ಬಿಚ್ಚಿದರೆ ವ್ರತ ಕೆಡುತ್ತದೆ, ಬಿಚ್ಚದಿದ್ದರೆ ಮಾನ ಹೋಗುತ್ತದೆ. ಒಳಗೆ ಕೆಟ್ಟದ್ದೇನಾದರೂ ಇದ್ದರೆ ನಾಳೆಯಿಂದ ಮತ್ತೆ ಅದೇ ಕುರ್ಚಿ. ನಿಜ ಹೇಳಬೇಕೆಂದರೆ ಅವನಿಗೆ ಪೊಲೀಸರಿಗಿಂತ ಆ ಕುರ್ಚಿಯದೇ ಹೆಚ್ಚು ಭಯವಾಗಿತ್ತು.

ಅತ್ತಿತ್ತ ನೋಡಿ ಗಂಟು ಬಿಚ್ಚಿದ.

ಒಳಗೆ ಎಂಟು ಪುಟ್ಟ ಬಟ್ಟೆಯ ಪೊಟ್ಟಣಗಳು. ಒಂದೊಂದೂ ಅರ್ಧ ಕಿಲೋ. ಬಟ್ಟೆ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ತಿರುಗಿಸಿ ನೋಡಿದರೆ, ಪಟ್ಟೆಪಟ್ಟೆ. ಅವನದೇ ಪೈಜಾಮ! ಒಂದರ ಹೊಲಿಗೆ ಸಡಿಲಿಸಿದ. ಅಂಗೈಗೆ ಸುರಿದದ್ದು ಮರಳು. ಕಟ್ಟಡದ ಹಿಂದೆ ರಾಶಿ ಬಿದ್ದಿರುವ, ನಾಯಿಯೂ ಮೂಸದ ಮರಳು.

ಪೊಟ್ಟಣಗಳ ನಡುವೆ ಒಂದು ಚೀಟಿ ಇತ್ತು. ಅಕ್ಷರ ಮಗಳದು.

"ಆಂಟಿ, ನೀವು ಸ್ನಾನಕ್ಕೆ ಹೋಗಿದ್ದಿರಿ, ಬಾಗಿಲ ಬಳಿಯಿಂದಲೇ ಚೀಲ ತೆಗೆದುಕೊಂಡು ಹೊರಟೆ. ಅಪ್ಪ ಇನ್ನೊಬ್ಬರ ಗಂಟು ಬಿಚ್ಚುವವರಲ್ಲ, ಅದಕ್ಕೇ ಚೀಟಿ ಇದರಲ್ಲೇ ಇಟ್ಟಿದ್ದೇನೆ. ಅಪ್ಪ ಈಗ ಎಲ್ಲೂ ನಿಲ್ಲದೆ ಹತ್ತುತ್ತಾರೆ ಎಂದಿರಲ್ಲ, ಕೇಳಿ ಅಳುವೇ ಬಂತು. ಆಸ್ಪತ್ರೆಯ ಕೆಲಸದಲ್ಲಿದ್ದಾಗ ವ್ಯಾಯಾಮ ಮಾಡಿಸಿ ಎಷ್ಟು ಜನರನ್ನು ನಡೆಸಿದ್ದೀರೋ, ಈಗ ನಮ್ಮಪ್ಪನನ್ನೂ ನಡೆಸಿದಿರಿ. ಸೋಮವಾರದಿಂದ ಇನ್ನೊಂದು ಪೊಟ್ಟಣ ಸೇರಿಸೋಣ. ದಿನಾ ಬೆಂಚಿನವರೆಗೆ ಇಳಿಸಿ ನನ್ನ ಭುಜ ಬಿದ್ದುಹೋಗಿದೆ, ಅಪ್ಪ ಮಾತ್ರ ಗುಂಡುಕಲ್ಲಿನ ಹಾಗಿದ್ದಾರೆ."

ತಾತ ಮೆಟ್ಟಿಲ ಮೇಲೆ ಕುಸಿದು ಕೂತ. ಇಷ್ಟು ದಿನ ತನ್ನ ಔಷಧಿಯನ್ನು ತಾನೇ ಹೊತ್ತು ಮೇಲಕ್ಕೆ ತಲುಪಿಸುತ್ತಿದ್ದ ಪೆದ್ದನನ್ನು ನೆನೆದು ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಕಣ್ಣು ಒದ್ದೆಯಾಯಿತು. ಮೂಗು ಒರೆಸಿಕೊಂಡು ಮೊದಲಿದ್ದ ಹಾಗೆಯೇ ಗಂಟು ಬಿಗಿದ.

ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಮೇಲ್ಮನೆ ಅಮ್ಮ ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿ, ಇವತ್ತು ಯಾಕೆ ತಡ, ಮಂಡಿ ನೋವೇ ಎಂದು ವಿಚಾರಿಸಿದರು.

ತಾತ ಚೀಲವನ್ನು ಒಪ್ಪಿಸಿ, ಗಂಭೀರವಾಗಿ ಹೇಳಿದ: "ಸೋಮವಾರದಿಂದ ನಾಲ್ಕೂವರೆ ಮಾಡಿ, ಪರವಾಗಿಲ್ಲ, ಆದ್ರೆ ನಾಳೆಯಿಂದ ಕೆಳಗಿಳ್ಸೋದೂ ನಾನೇ, ಆ ಹುಡುಗಿ ಭುಜಕ್ಕೆ ರಜ ಕೊಡಿ."