ನಾಲ್ಕು ಬೆರಳು ಎತ್ತರ

ಹಳೆಯ ಟ್ರ್ಯಾಕ್ಟರಿನ ಸೀಟಿನಲ್ಲಿ ಸೊಸೆ ಕೂತಿದ್ದಳು. ಹಿಂದೆ ಕಟ್ಟಿದ್ದ ಹುಲ್ಲು ಕೊಯ್ಯುವ ಯಂತ್ರದ ಬ್ಲೇಡು ಗಿರ್ರನೆ ತಿರುಗುತ್ತಿತ್ತು. ಮಾವ ಬೆಳಗಿನ ಚಳಿಗೆ ಕಂಬಳಿ ಹೊದ್ದು ಬದುವಿನ ಮೇಲೆ ನಿಂತಿದ್ದರು.

“ಬ್ಲೇಡು ತೀರಾ ಕೆಳಗೈತೆ. ಬುಡ ಸವರಿಬಿಟ್ರೆ ಹುಲ್ಲು ಮತ್ತೆ ಚಿಗುರಲ್ಲ. ನಾಲ್ಕು ಬೆರಳು ಎತ್ತರ ಇರ್ಬೇಕು. ಇಳಿದು ಬೆರಳಿಟ್ಟು ನೋಡು.”

“ನೋಡ್ತೀನಿ ಮಾವ. ಮೊದ್ಲು ಇಂಜಿನ್ ಆಫ್ ಮಾಡ್ತೀನಿ.”

“ಆಫ್ ಮಾಡಿದ್ರೆ ಮತ್ತೆ ತಳ್ಳಿ ಸ್ಟಾರ್ಟ್ ಮಾಡೋರ್ಯಾರು, ನಿಮ್ಮಪ್ಪನಾ? ನಾನು ಒಂದಿನಾನೂ ಇದನ್ನ ನಿಲ್ಲಿಸಿ ಅಳೆದೋನಲ್ಲ.”

“ನಾನು ನಿಲ್ಲಿಸೇ ಅಳೆಯೋದು. ತಳ್ಳೋಕೆ ಯಾರನ್ನಾದ್ರೂ ಕರೀತೀನಿ. ಹಸುಗಳು ಸ್ವಲ್ಪ ತಡವಾಗಿ ತಿನ್ಲಿ.”

“ಆಫ್ ಮಾಡಿದ್ಯೋ, ಕೀಲಿ ನನ್ನ ಕೈಗೆ ಕೊಟ್ಟು ಒಲೆ ಮುಂದೆ ಹೋಗಿ ಕೂತ್ಕೊ. ಇನ್ಮೇಲೆ ಈ ಗಾಡಿ ಮುಟ್ಟಂಗಿಲ್ಲ.”

ಊರೆಲ್ಲ ನಕ್ಕರೂ ಹಟ ಹಿಡಿದು ಗಿಟ್ಟಿಸಿಕೊಂಡಿದ್ದ ಸೀಟು ಅದು. ಅವಳು ಇಂಜಿನ್ ಆಫ್ ಮಾಡಿದಳು. ಬ್ಲೇಡು ಪೂರ್ತಿ ನಿಂತ ಮೇಲೆ ಇಳಿದು, ಕೈಯಿಟ್ಟು ಅಳೆದು, ನಾಲ್ಕು ಬೆರಳಿಗೆ ಸರಿಯಾಗಿ ಎತ್ತಿ ನಟ್ಟು ಬಿಗಿದಳು. ಆಮೇಲೆ ಕೀಲಿ ತೆಗೆದುಕೊಂಡು ಮಾವನ ಮುಂದೆ ಬಂದು ನಿಂತಳು.

“ತಗೊಳ್ಳಿ.”

ಮಾವ ಎಡಗೈ ಚಾಚಿದರು.

“ಎಡಗೈಗೆ ಕೀಲಿ ಕೊಡಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು ಮಾವ. ಬಲಗೈ ಚಾಚಿ.”

ಅವರು ಕದಲಲಿಲ್ಲ. ಅವಳೂ ಕದಲಲಿಲ್ಲ.

ಕೊನೆಗೆ ಕಂಬಳಿಯೊಳಗಿಂದ ಹೊರಬಂದ ಬಲಗೈಯಲ್ಲಿ ಉಳಿದಿದ್ದು ಎರಡೇ ಬೆರಳು.