ಸುಮ್ಮನಿರುವವರಿಗೆ ಮಾತ್ರ

ಮರುಳಸಿದ್ದಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ಕಣ್ಣೆದುರೇ ತೋಟದ ಕೆಲಸದವಳೊಬ್ಬಳು ಕಾಫಿ ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಕಿತ್ತು ಚೀಲಕ್ಕೆ ತುಂಬುತ್ತಿದ್ದಳು. ಒಂದು ರೆಂಬೆ ಲಟಕ್ಕೆಂದಿತು. ಅವರು ಅರ್ಧ ಎದ್ದೇಬಿಟ್ಟರು.

“ಏಳ್ಬೇಡಿ ಅಪ್ಪಾ!” ಒಳಗಿನಿಂದ ಮಗಳು ಚಂದನಾ ಕೂಗಿದಳು. “ಇನ್ನೂ ನಲವತ್ತೇ ನಿಮಿಷ ಆಗಿರೋದು. ಗಂಟೆ ಮುಗಿಸಿ.”

ಇದು ಅಭ್ಯಾಸ. ಸ್ಪೇನ್ ದೇಶದವರು ಒಂದು ವೀಸಾ ಕೊಡುತ್ತಾರೆ. ನಿಮ್ಮ ಆದಾಯದಲ್ಲಿ ನೀವು ಉಂಡುಕೊಂಡು ವರ್ಷವಿಡೀ ಅಲ್ಲಿರಬಹುದು, ಕೆಲಸ ಮಾತ್ರ ಮಾಡಕೂಡದು. ಸೋಮವಾರಪೇಟೆಯ ಮದುವೆಯೊಂದರಲ್ಲಿ ಈ ಸುದ್ದಿ ಕಿವಿಗೆ ಬಿದ್ದಂದಿನಿಂದ ಮರುಳಸಿದ್ದಪ್ಪನವರಿಗೆ ಅದೇ ಜಪ. ಹದಿನಾರನೇ ವಯಸ್ಸಿಗೆ ತೋಟಕ್ಕಿಳಿದ ಮನುಷ್ಯ. ಒಂದು ವರ್ಷ, ಒಂದೇ ಒಂದು ವರ್ಷ ಕಡಲಿನ ಮುಂದೆ ಕಾಲು ಚಾಚಿ ಕೂರಬೇಕು. ಆಸೆ ಅಂದರೆ ಅಷ್ಟೇ ಆಸೆ.

ತೋಟವನ್ನು ಗುತ್ತಿಗೆಗೆ ಕೊಟ್ಟರು. ಕುಶಾಲನಗರದ ಮಳಿಗೆಗಳ ಬಾಡಿಗೆ ಅರ್ಧ ಅವರ ಹೆಸರಿಗೆ, ಅರ್ಧ ಹೆಂಡತಿ ಸುಮಿತ್ರಮ್ಮನ ಹೆಸರಿಗೆ ಬರುತ್ತಿತ್ತು. ಹಾಗಾಗಿ ಏಜೆಂಟ್ ರೇಣುಕಪ್ರಸಾದ್ ಇಬ್ಬರಿಗೂ ಬೇರೆ ಬೇರೆ ಅರ್ಜಿ ಹಾಕಿಸಿ, ಹತ್ತಾರು ಕಾಗದಕ್ಕೆ ಸಹಿ ಮಾಡಿಸಿಕೊಂಡ.

“ಆದಾಯದ್ದು ತೊಂದ್ರೆ ಇಲ್ಲ ಅಣ್ಣಾ,” ಅಂದಿದ್ದ. “ತೊಂದ್ರೆ ನಿಮ್ಮ ಕೈಯದ್ದು. ಸುಮ್ನೆ ಕೂರೋ ಜನ ಅಲ್ಲ ಅಂತ ಅವರಿಗೆ ಅನುಮಾನ ಬಂತೋ, ಮುಗೀತು.”

ಸುಮಿತ್ರಮ್ಮ ಮೂರನೇ ಲೋಟ ಕಾಫಿ ತಂದಿಟ್ಟರು.

“ನೀನೂ ಕಲ್ತ್ಕೋ ಕಣೇ,” ಮರುಳಸಿದ್ದಪ್ಪ ಗದರಿದರು. “ಹಿಂಗೆ ಓಡಾಡ್ತಿದ್ರೆ ನಿಂಗೆ ಯಾವನು ವೀಸಾ ಕೊಡ್ತಾನೆ?”

“ಕಲೀತೀನಿ ಇರಿ, ಕಡುಬು ಇಳಿಸಿ ಬರ್ತೀನಿ.”

ಸಂದರ್ಶನ ಬೆಂಗಳೂರಿನಲ್ಲಿ. ಮೊದಲು ಮರುಳಸಿದ್ದಪ್ಪ ಒಳಗೆ ಹೋದರು. ಅಧಿಕಾರಿಣಿ ಇಂಗ್ಲಿಷಿನಲ್ಲಿ ಕೇಳಿದರು, ಪಕ್ಕದಲ್ಲಿದ್ದ ಹುಡುಗಿ ಕನ್ನಡಕ್ಕೆ ತಿರುಗಿಸಿದಳು. ಅಲ್ಲಿ ಏನು ಮಾಡುತ್ತೀರಿ? ಏನೂ ಇಲ್ಲ. ಬೇಜಾರಾಗುವುದಿಲ್ಲವೇ? ಇಲ್ಲವೇ ಇಲ್ಲ. ಎಲ್ಲ ಬಾಯಿಪಾಠ. ನಡುವೆ ಅವರಿಬ್ಬರೂ ಯಾವುದೋ ಕಾಗದ ತರಲು ಐದು ನಿಮಿಷ ಹೊರಗೆ ಹೋಗಿ ಬಂದದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಮರುಳಸಿದ್ದಪ್ಪ ಮದುಮಗನಂತೆ ಬೀಗುತ್ತ ಹೊರಬಂದರು.

ಸುಮಿತ್ರಮ್ಮ ಒಳಗೆ ಹೋದವರು ಅರ್ಧ ಗಂಟೆಯಾದರೂ ಬರಲಿಲ್ಲ. ಕೊನೆಗೆ ಹೊರಬಂದವರನ್ನು ಮರುಳಸಿದ್ದಪ್ಪ ಬಾಗಿಲಲ್ಲೇ ತಡೆದರು.

“ಏನ್ ಕೇಳಿದ್ರೇ ಇಷ್ಟು ಹೊತ್ತು?”

“ಬೆಳಗಿಂದ ರಾತ್ರಿ ತನಕ ಏನು ಮಾಡ್ತೀರಿ ಅಂದ್ರು. ಎಲ್ಲ ಹೇಳ್ದೆ.”

“ಎಲ್ಲ ಅಂದ್ರೆ?”

“ಐದು ಗಂಟೆಗೆ ಹಾಲು ಕರೆಯೋದ್ರಿಂದ ಶುರು ಮಾಡ್ದೆ. ಕೊಟ್ಟಿಗೆ ಬಾಚೋದು, ಆಳುಗಳಿಗೆ ಕಾಫಿ, ಮೆಣಸು ಒಣಗಿಸೋದು, ಮೂರು ಹೊತ್ತು ಅಡಿಗೆ, ರಾತ್ರಿ ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕೋದು. ಆ ಹುಡುಗಿ ಅನುವಾದ ಮಾಡಿ ಮಾಡಿ ನೀರು ಕುಡಿದ್ಲು ಪಾಪ.”

“ಅಯ್ಯೋ ಶಿವನೇ! ಕೆಡಿಸಿದ್ಯಲ್ಲೇ!”

ಮೈಸೂರು ದಾಟುವವರೆಗೂ ಬೈಗುಳ ನಿಲ್ಲಲಿಲ್ಲ. ಪಿರಿಯಾಪಟ್ಟಣ ಬರುವಷ್ಟರಲ್ಲಿ ಮನುಷ್ಯನಿಗೆ ಕನಿಕರ ಬಂತು. “ಹೋಗ್ಲಿ ಬಿಡು. ನಾನೊಬ್ನೇ ಹೋಗ್ತೀನಿ. ದಿನಾ ಫೋನಲ್ಲಿ ಸಮುದ್ರ ತೋರಿಸ್ತೀನಿ.”

“ತೋರ್ಸಿ,” ಅಂದರು ಸುಮಿತ್ರಮ್ಮ. “ನಂಗೂ ತುಂಬಾ ಆಸೆ ಇತ್ತು ಕಣ್ರೀ.” ಆಮೇಲೆ ಮನೆ ತಲುಪುವವರೆಗೂ ಕಿಟಕಿಯಾಚೆಗೇ ನೋಡುತ್ತಿದ್ದರು.

ಮರುಳಸಿದ್ದಪ್ಪ ಮಡಿಕೇರಿಗೆ ಹೋಗಿ ತಂಪು ಕನ್ನಡಕ ಕೊಂಡರು. ಚಡ್ಡಿ ಕೊಂಡರು, ಹೂವಿನ ಚಿತ್ರದ್ದು! ನೆಂಟರನ್ನೆಲ್ಲ ಕರೆದು ಬೀಳ್ಕೊಡುಗೆಯ ಊಟವನ್ನೂ ಹಾಕಿಸಿದರು. ನಲವತ್ತು ಜನಕ್ಕೆ ಹೋಳಿಗೆ ತಟ್ಟಿದ್ದು ಸುಮಿತ್ರಮ್ಮ.

ಮೂರು ವಾರಕ್ಕೆ ಕೊರಿಯರ್ ಬಂತು. ಎರಡು ಕವರು. ಚಂದನಾ ಒಡೆದಳು, ನೋಡಿದಳು, ಇನ್ನೊಮ್ಮೆ ನೋಡಿದಳು. ಅಪ್ಪನ ಪಾಸ್‌ಪೋರ್ಟು ಖಾಲಿ. ಅಮ್ಮನದರಲ್ಲಿ ವೀಸಾ ಮಿರಮಿರ ಮಿಂಚುತ್ತಿತ್ತು.

“ಅದಲುಬದಲು ಮಾಡಿದಾರೆ ತಲೆ ಇಲ್ದೋರು!” ಮರುಳಸಿದ್ದಪ್ಪ ಹಾರಾಡಿದರು. “ಹಾಕು ಫೋನು ರೇಣುಕಂಗೆ!”

ಚಂದನಾ ಸ್ಪೀಕರ್ ಒತ್ತಿದಳು. ರೇಣುಕಪ್ರಸಾದನಿಗೆ ವಿಷಯ ಆಗಲೇ ಗೊತ್ತಿತ್ತು.

“ಅದಲುಬದಲು ಏನಿಲ್ಲ ಅಣ್ಣಾ. ಅವರು ಹೊರಗೆ ಹೋಗಿ ಬರೋದ್ರೊಳಗೆ ನೀವು ಕುಂಡದ ಗಿಡದ ಚಿಗುರೆಲ್ಲ ಚಿವುಟಿ, ಮಣ್ಣು ಕೆದಕಿ, ಅಲುಗಾಡ್ತಿದ್ದ ಮೇಜಿನ ಕಾಲು ಬಿಗಿ ಮಾಡಿದ್ರಂತೆ.”

“ಗಿಡ ಹಾಳಾಗಿತ್ತು ಕಣೋ! ಯಾರಾದ್ರೂ ನೋಡ್ಕೊಂಡು ಸುಮ್ನಿರ್ತಾರಾ?”

“ಅದೇ ಅಣ್ಣಾ. ಅದಕ್ಕೇ ಕೊಡ್ಲಿಲ್ಲ.”

“ಇವಳಿಗೆ ಹೆಂಗೆ ಕೊಟ್ರು ಮತ್ತೆ? ಇವಳು ಎಲ್ಲ ಒದರಿ ಬಂದಿದಾಳಲ್ಲ!”

“ಅಮ್ಮ ಹೇಳಿದ್ದು ಕೇಳಿ ಅವರಿಗೂ ಅನುಮಾನ ಬಂದಿತ್ತಂತೆ. ಆಮೇಲೆ ಫೈಲಲ್ಲಿ ನಿಮ್ಮ ಅಫಿಡವಿಟ್ ನೋಡಿದ್ರಂತೆ. ನೀವೇ ಬರೆದು ನೋಟರಿ ಮುದ್ರೆ ಹಾಕಿಸಿದ್ದು. ಅದಾದ್ಮೇಲೆ ಮರುಮಾತಿಲ್ಲ.”

ಚಂದನಾ ಕಡತದಿಂದ ಅದರ ಪ್ರತಿಯನ್ನು ಹುಡುಕಿ ತೆಗೆದು ಓದತೊಡಗಿದಳು. ಮೊದಲ ಸಾಲಿಗೇ ಅವಳಿಗೆ ನಗು ತಡೆಯಲಾಗಲಿಲ್ಲ. ಸುಮಿತ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾಗದ ಇಸಿದುಕೊಂಡರು, ಗಂಡನ ಕುರ್ಚಿಯಲ್ಲಿ ಆರಾಮಾಗಿ ಕೂತರು, ಗಟ್ಟಿಯಾಗಿ ಓದಿದರು:

“ನನ್ನ ಹೆಂಡತಿ ಸುಮಿತ್ರಮ್ಮ ಮದುವೆಯಾದ ಮೂವತ್ತೆಂಟು ವರ್ಷಗಳಿಂದ ಮನೆಯಲ್ಲಿ ಸುಮ್ಮನೇ ಇದ್ದಾಳೆ, ಯಾವ ಕೆಲಸವನ್ನೂ ಮಾಡುವುದಿಲ್ಲ ಎಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.”